ಒಂದು ಮಿಲಿಮೀಟರಿನ ಕಣಕ್ಕಾಗಿ ಕಟ್ಟಿದ ಕ್ಯಾಮೆರಾ ಸ್ಟ್ಯಾಂಡು

ಹಳೆಯ ಮರದ ಕಪಾಟಿನ ಕೆಳಗೆ ಕಸ ಗುಡಿಸುವಾಗ ಒಂದು ಚಿಟಿಕೆಯಷ್ಟು ಕಂದು ಕಣಗಳು ಸಿಕ್ಕವು. ಮೊದಲು ಮರಳು ಅಂದುಕೊಂಡೆ. ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಗರಗರ ಅನ್ನಲಿಲ್ಲ, ಹಗುರವಾಗಿ ಉರುಳಿದವು. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ. ಮರಳು ಹಾಗಿರಲ್ಲ ಅಲ್ವಾ?

ಮೂರು ಜನಕ್ಕೆ ತೋರಿಸಿದೆ, ನಾಲ್ಕು ಉತ್ತರ ಬಂತು: ಬೀಜ, ಹುಳುವಿನ ಮೊಟ್ಟೆ, ಇಲಿ ಹಿಕ್ಕೆ, ಮರದ ಪುಡಿ. ಫೋನಿನಲ್ಲಿ ಜೂಮ್ ಮಾಡಿ ತೆಗೆದ ಫೋಟೋದಲ್ಲಿ ಕಂದು ಚುಕ್ಕೆಗಳು ದೊಡ್ಡ ಕಂದು ಚುಕ್ಕೆಗಳಾದವು, ಅಷ್ಟೇ.

ಕೆಟ್ಟುಹೋದ ಡಿವಿಡಿ ಡ್ರೈವ್ ಒಂದು ಮೂಲೆಯಲ್ಲಿತ್ತು. ಅದರೊಳಗಿನ ಪುಟ್ಟ ಲೆನ್ಸ್ ಕಿತ್ತು ಫೋನಿನ ಕ್ಯಾಮೆರಾ ಮೇಲೆ ಟೇಪಿನಿಂದ ಅಂಟಿಸಿದೆ. ಈ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ನಡುವೆ ಒಂದಿಷ್ಟು ಜಾಗ ಚೂಪಾಗಿ ಬರುತ್ತದೆ, ಅಂಚೆಲ್ಲ ಕಲಸಿಹೋಗುತ್ತದೆ. ಕಣ ಉರುಟಾಗಿಲ್ಲ, ಉದ್ದಕ್ಕಿದೆ, ಎರಡೂ ತುದಿ ಮೊಂಡು ಅಂತ ಗೊತ್ತಾಯಿತು. ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು.

ಲೆನ್ಸ್ ತಿರುಗಿಸಿ ಹಾಕಿದ್ದು

ನನ್ನ ಹತ್ತಿರ ಹಳೆಯದೊಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. 24 ಮೆಗಾಪಿಕ್ಸೆಲ್, ಒಳಗೆ ಬಿಂಬ ಹಿಡಿಯುವ ಸೆನ್ಸರಿನ ಅಗಲ 23.5 ಮಿ.ಮೀ. ಜೊತೆಗೆ ಕೈಯಿಂದಲೇ ಅಪರ್ಚರ್ (ಬೆಳಕು ಒಳಬರುವ ತೂತು) ತಿರುಗಿಸುವ 50 ಮಿ.ಮೀ. ಲೆನ್ಸ್. ಇದನ್ನು ಹಿಂದುಮುಂದಾಗಿ ಸಿಕ್ಕಿಸಲು ರಿವರ್ಸ್ ರಿಂಗ್ ಅಂತ ಒಂದು ಬಳೆ ಬರುತ್ತದೆ. ತಿರುಗಿಸಿ ಹಾಕಿದ ಲೆನ್ಸಿನ ಅಪರ್ಚರನ್ನು ಕ್ಯಾಮೆರಾ ಹಿಡಿತದಲ್ಲಿ ಇಟ್ಟುಕೊಳ್ಳಲಾರದು. ಆದ್ದರಿಂದ ಈ ಕೆಲಸಕ್ಕೆ ರಿಂಗ್ ಇರುವ ಹಳೆಯ ಲೆನ್ಸೇ ಒಳ್ಳೆಯದು.

ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದೆ: 12, 20, 36, ಒಟ್ಟು 68 ಮಿ.ಮೀ. ಇವುಗಳಲ್ಲಿ ಗಾಜಿಲ್ಲ, ಬರೀ ಟೊಳ್ಳು ಕೊಳವೆ. ಲೆನ್ಸ್ ದೂರ ಹೋದಷ್ಟೂ ಬಿಂಬ ದೊಡ್ಡದಾಗುತ್ತದೆ. 50ರ ಲೆನ್ಸಿಗೆ 50 ಮಿ.ಮೀ. ಸೇರಿಸಿದರೆ ಒಂದು ಪಟ್ಟು ಹೆಚ್ಚುತ್ತದೆ, ಲೆಕ್ಕ ಇಷ್ಟೇ. ನನ್ನದು ಎಷ್ಟಾಯಿತು ಅಂತ ನೋಡಲು ಸ್ಟೀಲ್ ಸ್ಕೇಲಿನ ಫೋಟೋ ತೆಗೆದೆ. ಚೌಕಟ್ಟಿನ ಅಡ್ಡಕ್ಕೆ 10.4 ಮಿ.ಮೀ. ಹಿಡಿಸಿತ್ತು. 23.5ನ್ನು 10.4ರಿಂದ ಭಾಗಿಸಿದರೆ ಸುಮಾರು 2.26 ಪಟ್ಟು. ಹೀಗೆ ಸ್ಕೇಲಿನ ಫೋಟೋ ತೆಗೆಯುವ ಅಭ್ಯಾಸ ಆಮೇಲೆ ನನ್ನನ್ನು ಕಾಪಾಡಿತು, ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಒಂದು ದಡ್ಡತನ ಮಾಡಿದೆ. ಜಾಸ್ತಿ ಭಾಗ ಫೋಕಸಿನಲ್ಲಿರಲಿ ಅಂತ ಅಪರ್ಚರನ್ನು ಎಫ್/16ಕ್ಕೆ ಇಟ್ಟೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ತೂತು ಸಣ್ಣದು). ಇಡೀ ಕಣ ಫೋಕಸಿಗೆ ಬಂತು, ಆದರೆ ಎಲ್ಲವೂ ಮಂಜು. ಇಷ್ಟು ಹತ್ತಿರದಲ್ಲಿ ಬರೆದ ಎಫ್ ಸಂಖ್ಯೆ ನಿಜವಾದ ಸಂಖ್ಯೆ ಅಲ್ಲ. ವರ್ಧನೆಗೆ ಒಂದು ಸೇರಿಸಿ ಗುಣಿಸಬೇಕು. 16 ಗುಣಿಸು 3.26, ಅಂದರೆ ಎಫ್/52. ಅಷ್ಟು ಸಣ್ಣ ತೂತಿನಿಂದ ಬರುವ ಬೆಳಕು ಹರಡಿಕೊಂಡು ವಿವರವನ್ನೆಲ್ಲ ತಿಂದುಹಾಕುತ್ತದೆ. ಎಫ್/5.6ಕ್ಕೆ ಬಂದ ಮೇಲೆ ಚೂಪಾಯಿತು. ಆದರೆ ಫೋಕಸಿನಲ್ಲಿ ಇದ್ದದ್ದು ಕಾಗದದಷ್ಟು ತೆಳುವಾದ ಒಂದು ಪದರ ಮಾತ್ರ.

ಹಾಗಾಗಿ ಪದರ ಪದರವಾಗಿ ಫೋಟೋ ತೆಗೆದು ಜೋಡಿಸಬೇಕು. ಅದಕ್ಕೆ ಕೂದಲೆಳೆಗಿಂತ ಕಡಿಮೆ ದೂರ ಸರಿಯುವ ಸಾಧನ ಬೇಕು.

ಒಂದು ಬೋಲ್ಟು, ಒಂದು ಸಿಡಿ, ಒಂದು ಹಲಗೆ

ಈ ಹೊತ್ತಿಗೆ ಲೆನ್ಸನ್ನೂ ಬದಲಿಸಿದ್ದೆ. ಹಳೆಯ ಮೈಕ್ರೋಸ್ಕೋಪಿನ 4 ಪಟ್ಟಿನ ಆಬ್ಜೆಕ್ಟಿವ್, ಅಂದರೆ ವಸ್ತುವಿನ ಕಡೆಗಿರುವ ಲೆನ್ಸ್, ಕೈಗೆ ಸಿಕ್ಕಿತ್ತು. ಮೇಲೆ 4/0.10, 160 ಅಂತ ಬರೆದಿತ್ತು. 160 ಅಂದರೆ ಅದನ್ನು ಮಾಡಿದ್ದು 160 ಮಿ.ಮೀ. ಕೊಳವೆಗೆ. ಅಂಥದ್ದರಲ್ಲಿ ತಿರುಪಿನ ಮರೆಯ (ಥ್ರೆಡ್) ಬುಡದಿಂದ 150 ಮಿ.ಮೀ. ಹಿಂದೆ ಬಿಂಬ ಮೂಡುತ್ತದೆ, ಸೆನ್ಸರ್ ಅಲ್ಲಿರಬೇಕು. ಟ್ಯೂಬುಗಳ ಮುಂದೆ ದಪ್ಪ ರಟ್ಟಿನ ಕೊಳವೆ ಸೇರಿಸಿ ಆ ದೂರ ತಂದೆ. ಮೊದಲ ಫೋಟೋಗಳು ಬೆಳ್ಳಗೆ ಸಪ್ಪೆಯಾಗಿ ಬಂದವು. ಕೊಳವೆಯ ಒಳಗೋಡೆ ಹೊಳೆಯುತ್ತಿತ್ತು. ಕಪ್ಪು ವೆಲ್ವೆಟ್ ಕಾಗದ ಸುತ್ತಿ ಒಳಗೆ ತುರುಕಿದ ಮೇಲೆ ಕಪ್ಪು ಕಪ್ಪಾಗಿ ಕಂಡಿತು.

ಈ ಆಬ್ಜೆಕ್ಟಿವ್‌ನಲ್ಲಿ ಒಮ್ಮೆಗೆ ಫೋಕಸಿಗೆ ಸಿಗುವುದು ಸುಮಾರು 55 ಮೈಕ್ರಾನ್. ಒಂದು ಮಿಲಿಮೀಟರಿನ ಹದಿನೆಂಟರಲ್ಲಿ ಒಂದು ಭಾಗ. ಪದರಗಳು ಒಂದರ ಮೇಲೊಂದು ಸ್ವಲ್ಪ ಕೂರಬೇಕಲ್ಲ, ಅದಕ್ಕೆ 40 ಮೈಕ್ರಾನಿನ ಹೆಜ್ಜೆ ಇಟ್ಟುಕೊಂಡೆ.

ಸರಿಯುವ ಭಾಗಕ್ಕೆ ಹಳೆಯ ಮೇಜಿನ ಡ್ರಾಯರ್ ಚಾನೆಲ್. ತಳ್ಳುವುದಕ್ಕೆ ಎಂ6 ಬೋಲ್ಟು. ಎಂ6ರ ಮರೆ ಒಂದು ಸುತ್ತಿಗೆ ಸರಿಯಾಗಿ 1 ಮಿ.ಮೀ. ಮುಂದೆ ಹೋಗುತ್ತದೆ. ಬೋಲ್ಟಿನ ತಲೆಗೆ ಬೇಡವಾದ ಸಿಡಿ ಅಂಟಿಸಿ ಅಂಚಿಗೆ 25 ಗೆರೆ ಹಾಕಿದೆ. ಒಂದು ಗೆರೆ ಅಂದರೆ 40 ಮೈಕ್ರಾನ್. ಸಿಡಿ 12 ಸೆಂ.ಮೀ. ಅಗಲ ಇರುವುದರಿಂದ ಅಂಚಿನಲ್ಲಿ ಎರಡು ಗೆರೆಗಳ ನಡುವೆ 15 ಮಿ.ಮೀ. ಜಾಗ. ಅಂದರೆ ಬೆರಳು 15 ಮಿ.ಮೀ. ಸರಿದರೆ ಕಣ 0.04 ಮಿ.ಮೀ. ಸರಿಯುತ್ತದೆ. ಕೈ ನಡುಗುವವರಿಗೂ ಇದು ಸಾಧ್ಯ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಈ ಸಿಡಿ.

ಇದನ್ನೆಲ್ಲ ಕೂರಿಸಲು ಒಂದು ಹಲಗೆ ಬೇಕಿತ್ತು. ಅದೇ ಕಪಾಟಿನ ಕೆಳಗಿನ ಹಲಗೆ ಬಿಚ್ಚಿಕೊಂಡೆ. ಎರಡಡಿ ಉದ್ದ, ಚೆನ್ನಾಗಿ ಒಣಗಿದ್ದು, ಎಲ್ಲೂ ಸೊಟ್ಟಗಾಗಿಲ್ಲ. ಒಂದು ತುದಿಗೆ ಕ್ಯಾಮೆರಾ, ಇನ್ನೊಂದು ತುದಿಗೆ ಚಾನೆಲ್.

ಮಲಗಿಸಿದ ಸ್ಟ್ಯಾಂಡು ಎರಡು ತೊಂದರೆ ಕೊಟ್ಟಿತು. ಬೋಲ್ಟು ಹಿಂದಕ್ಕೆ ತಿರುಗಿಸಿದಾಗ ಚಾನೆಲ್ ಅಲ್ಲೇ ನಿಂತಿರುತ್ತಿತ್ತು, ಮರೆಯಲ್ಲಿ ಅಷ್ಟು ಸಡಿಲ. ಕಣವನ್ನು ಸೂಜಿ ತುದಿಗೆ ಅಂಟಿಸಲು ಹೋದರೆ ಉಸಿರಿಗೇ ಹಾರಿಹೋಗುತ್ತಿತ್ತು. ರಬ್ಬರ್ ಬ್ಯಾಂಡ್ ಕಟ್ಟಿ ನೋಡಿದೆ, ಸುಮಾರಾಗಿ ನಡೆಯಿತು. ಕೊನೆಗೆ ಒಂದು ಸಂಜೆ ಇಡೀ ಹಲಗೆಯನ್ನೇ ನೆಟ್ಟಗೆ ನಿಲ್ಲಿಸಿದೆ. ಕ್ಯಾಮೆರಾ ಮೇಲಿಂದ ಕೆಳಗೆ ನೋಡುತ್ತದೆ, ಕಣವಿರುವ ತಟ್ಟೆ ತನ್ನ ಭಾರದಿಂದಲೇ ಬೋಲ್ಟಿನ ತುದಿಯ ಮೇಲೆ ಕೂತಿರುತ್ತದೆ. ಸಡಿಲವೂ ಹೋಯಿತು, ಅಂಟಿಸುವ ಕೆಲಸವೂ ತಪ್ಪಿತು. ಇದು ಮೊದಲೇ ಹೊಳೆಯಬೇಕಿತ್ತು.

ಕಪ್ಪು ಕಾಗದದ ಮೇಲೆ ನೇರವಾಗಿ ಕಣ ಇಡಬೇಡಿ. ನಾಲ್ಕು ಪಟ್ಟಿನಲ್ಲಿ ಕಾಗದದ ನಾರು ಹಗ್ಗದ ಹಾಗೆ ಕಾಣುತ್ತದೆ. ಗಾಜಿನ ಸ್ಲೈಡ್ ಮೇಲೆ ಕಣ, ಅದಕ್ಕೆ ಎರಡು ಸೆಂ.ಮೀ. ಕೆಳಗೆ ಕಪ್ಪು ಕಾಗದ. ಆಗ ಹಿನ್ನೆಲೆ ಬರೀ ಕತ್ತಲು.

ಬೆಳಕಿನಲ್ಲಿ ಎಡವಿದ್ದು

ಮೊದಲು ಎಲ್‌ಇಡಿ ದೀಪ ಬಳಸಿದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ನಡೆದರೂ ಫೋಟೋ ಅಲುಗುತ್ತಿತ್ತು. ಫ್ಲ್ಯಾಶಿಗೆ ಬಂದೆ. ಕಡಿಮೆ ಶಕ್ತಿಯಲ್ಲಿ ಅದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು ಮಾತ್ರ ಮಿಂಚುತ್ತದೆ, ಅಷ್ಟರಲ್ಲಿ ಯಾವ ಅಲುಗಾಟವೂ ದಾಖಲಾಗುವುದಿಲ್ಲ. ಕ್ಯಾಮೆರಾದೊಳಗಿನ ಕನ್ನಡಿ ಮೊದಲೇ ಎತ್ತಿಟ್ಟು, ಎರಡು ಸೆಕೆಂಡಿನ ಟೈಮರ್ ಇಟ್ಟರೆ ಸಾಕು.

ನೇರ ಫ್ಲ್ಯಾಶ್ ಬಿದ್ದರೆ ಕಣದ ಮೇಲೆ ಬಿಳಿ ಹೊಳಪು. ಅದಕ್ಕೆ ಟೇಬಲ್ ಟೆನಿಸ್ ಚೆಂಡನ್ನು ಅರ್ಧಕ್ಕೆ ಕತ್ತರಿಸಿ, ಮೇಲೆ ಲೆನ್ಸಿನ ಕಣ್ಣಿಗೆ ತೂತು ಮಾಡಿ ಗುಮ್ಮಟದ ಹಾಗೆ ಮುಚ್ಚಿದೆ. ಬೆಳಕು ಎಲ್ಲ ಕಡೆಯಿಂದ ಹದವಾಗಿ ಬಂತು. ಇಪ್ಪತ್ತು ಫೋಟೋ ತೆಗೆದು ಹ್ಯೂಗಿನ್ ಎಂಬ ಫೋಟೋ ಜೋಡಿಸುವ ತಂತ್ರಾಂಶದ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್, ಎನ್‌ಫ್ಯೂಸ್ ಎಂಬ ಎರಡು ಉಚಿತ ತಂತ್ರಾಂಶಗಳಲ್ಲಿ ಜೋಡಿಸಿದೆ. ಚೆಂದದ ಚಿತ್ರ. ನುಣುಪಾದ, ತಿಳಿ ಕಂದು ಬಣ್ಣದ, ಎರಡೂ ತುದಿ ದುಂಡಗಾದ ಕಾಳು. ಬೀಜವೇ ಅಂತ ತೀರ್ಮಾನ ಮಾಡಿ ಎರಡು ಸಂಜೆ ಬೀಜಗಳ ಚಿತ್ರ ನೋಡಿದೆ. ಒಂದಕ್ಕೂ ಹೋಲಲಿಲ್ಲ.

ತಪ್ಪು ಗೊತ್ತಾಗಿದ್ದು ಆಕಸ್ಮಿಕವಾಗಿ. ಚೆಂಡಿನ ಅರ್ಧ ಒಂದು ಬದಿ ಒಡೆಯಿತು. ಬೇರೆ ಕತ್ತರಿಸಲು ಬೇಜಾರಾಗಿ ಹಾಗೇ ತೆಗೆದೆ. ಒಡೆದ ಕಡೆಯಿಂದ ಬೆಳಕು ಓರೆಯಾಗಿ, ಕಣವನ್ನು ಸವರಿಕೊಂಡು ಬಂತು. ಪರದೆಯಲ್ಲಿ ನೋಡಿದರೆ ಬೇರೆಯದೇ ವಸ್ತು! ಉದ್ದಕ್ಕೂ ಏಣುಗಳು, ಏಣುಗಳ ನಡುವೆ ಒಳಕ್ಕೆ ತಗ್ಗಿದ ಪಟ್ಟಿಗಳು. ಚೆಂಡು ಎಲ್ಲ ಕಡೆಯಿಂದಲೂ ಬೆಳಕು ಕೊಟ್ಟು ಎಲ್ಲ ನೆರಳನ್ನೂ ಅಳಿಸಿಹಾಕಿತ್ತು. ಬಣ್ಣ ನೋಡಲು ಅದು ಸರಿ, ಆಕಾರ ನೋಡಲು ನೆರಳೇ ಬೇಕು. ಅಂದಿನಿಂದ ಪ್ರತಿ ವಸ್ತುವಿಗೂ ಎರಡು ಸುತ್ತು ತೆಗೆಯುತ್ತೇನೆ, ಒಂದು ಮುಚ್ಚಿ, ಒಂದು ಓರೆ ಬೆಳಕಿನಲ್ಲಿ. ಫೋಟೋ ಚೆನ್ನಾಗಿ ಕಾಣುವುದಕ್ಕೂ ವಸ್ತು ಚೆನ್ನಾಗಿ ಕಾಣುವುದಕ್ಕೂ ಸಂಬಂಧ ಕಡಿಮೆ ಅನ್ನುವುದು ನನ್ನ ಈಗಿನ ಅಭಿಪ್ರಾಯ.

ಚಿಮುಟದಿಂದ ಒಂದು ಕಣವನ್ನು ಒಂಚೂರು ಮೆತ್ತನೆಯ ಅಂಟಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿಂದ ತೆಗೆದೆ. ಆರು ಮೂಲೆ. ಎಣಿಸಿದೆ, ಮತ್ತೆ ಎಣಿಸಿದೆ, ಆರೇ.

ಈಗ ಅಳತೆ. 4 ಪಟ್ಟಿನಲ್ಲಿ ತೆಗೆದ ಸ್ಕೇಲಿನ ಫೋಟೋದಲ್ಲಿ 5.9 ಮಿ.ಮೀ. ಜಾಗ 6000 ಪಿಕ್ಸೆಲ್‌ಗಳಲ್ಲಿ ಹರಡಿತ್ತು. ಒಂದು ಪಿಕ್ಸೆಲ್ ಅಂದರೆ ಸರಿಸುಮಾರು ಒಂದು ಮೈಕ್ರಾನ್. ಕಣದ ಉದ್ದ 850 ಪಿಕ್ಸೆಲ್, ಅಂದರೆ ಸುಮಾರು 0.84 ಮಿ.ಮೀ. ಹತ್ತು ಕಣ ಅಳೆದೆ, ಎಲ್ಲವೂ 0.7ರಿಂದ 0.9ರ ಒಳಗೆ. ಇಲಿ ಹಿಕ್ಕೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು, ಆ ಉತ್ತರ ಅಲ್ಲಿಗೇ ಬಿದ್ದುಹೋಯಿತು. ಮರ ಕೊರೆಯುವ ದುಂಬಿಗಳಲ್ಲಿ ಕೆಲವು ಉದುರಿಸುವುದು ಹಿಟ್ಟಿನಂಥ ಪುಡಿ, ಹೀಗೆ ಅಚ್ಚಿನಲ್ಲಿ ಹೊಯ್ದಂಥ ಕಾಳಲ್ಲ.

ಆರು ಏಣು ಅಂದಾಗ ರೇಷ್ಮೆಹುಳುವಿನ ಹಿಕ್ಕೆ ನೆನಪಾಯಿತು. ನೋಡಿದವರಿಗೆ ಗೊತ್ತು, ಅದಕ್ಕೂ ಉದ್ದಕ್ಕೆ ಆರು ಏಣು ಇರುತ್ತವೆ. ಆದರೆ ಅದಕ್ಕೆ ಅಡ್ಡಕ್ಕೂ ಗೀರುಗಳಿವೆ, ಗಾತ್ರವೂ ದೊಡ್ಡದು, ಒಳಗಿರುವುದು ಎಲೆ. ನನ್ನ ಕಣವನ್ನು ಸೂಜಿಯಿಂದ ಒಡೆದು ನೋಡಿದೆ. ಒಳಗೆ ಮರದ ಸಣ್ಣ ಸಣ್ಣ ನಾರು.

ಮರ ತಿಂದು, ಒಂದು ಮಿಲಿಮೀಟರಿಗಿಂತ ಚಿಕ್ಕದಾದ, ಆರು ಬದಿಯ, ಬದಿಗಳು ಒಳಕ್ಕೆ ತಗ್ಗಿದ ಹಿಕ್ಕೆ ಹಾಕುವುದು ಒಣಮರದ ಗೆದ್ದಲು. ಗೆದ್ದಲು ಅಂದರೆ ನಮಗೆ ಮಣ್ಣಿನ ಗೂಡು, ಗೋಡೆಯ ಮೇಲಿನ ಮಣ್ಣಿನ ಗೆರೆ ನೆನಪಾಗುತ್ತದೆ. ಈ ಜಾತಿಗೆ ಮಣ್ಣೂ ಬೇಡ, ಹೊರಗಿನ ನೀರೂ ಬೇಡ. ಒಣಮರದೊಳಗೇ ಬದುಕು. ಇರುವ ಅಲ್ಪ ನೀರನ್ನು ಬಿಡದೆ, ಕರುಳಿನ ಕೊನೆಯಲ್ಲೇ ಹಿಕ್ಕೆಯನ್ನು ಹಿಂಡಿ ಒಣಗಿಸಿ ಹೊರಗೆ ಹಾಕುತ್ತದೆ. ಆರು ಬದಿಯ ಅಚ್ಚು ಬೀಳುವುದು ಅಲ್ಲಿ. ಗೂಡಿನಲ್ಲಿ ಹಿಕ್ಕೆ ಜಾಸ್ತಿಯಾದಾಗ ಒಂದೆರಡು ಮಿ.ಮೀ. ತೂತು ಕೊರೆದು ಹೊರಗೆ ತಳ್ಳಿ, ತೂತು ಮುಚ್ಚಿಬಿಡುತ್ತದೆ.

ಹೆಸರು ಸಿಕ್ಕಿತು. ಕಪಾಟಿನ ಕೆಳಗೆ ಬಿಳಿ ಕಾಗದ ಹಾಸಿ ಕಾಯಲು ಶುರುಮಾಡಿದೆ.

ಕಾಯುವಾಗ ಸಿಕ್ಕ ಇನ್ನೆರಡು

ಸ್ಟ್ಯಾಂಡು ಸಿದ್ಧವಾಗಿದೆಯಲ್ಲ, ಸುಮ್ನೆ ಇರಲು ಕೈ ಬಿಡಲಿಲ್ಲ.

ಒಂದು ಎಲೆಯ ಅಡಿಯಲ್ಲಿ ಕೂದಲಿನಂಥ ದಂಟುಗಳು, ತುದಿಯಲ್ಲಿ ಬಿಳಿ ಚುಕ್ಕೆ. ಬೂಷ್ಟು ಅಂತ ಯಾರಾದರೂ ಅಂದುಕೊಳ್ಳಬೇಕು. ದಂಟು 8 ಮಿ.ಮೀ. ಎತ್ತರ, ಮೇಲಿಂದ ತೆಗೆದರೆ 200 ಫೋಟೋ ಬೇಕು. ಎಲೆಯನ್ನು ಒಂದು ತುಂಡು ಕತ್ತರಿಸಿ ಅಡ್ಡ ಮಲಗಿಸಿದೆ, 30ರಲ್ಲಿ ಮುಗಿಯಿತು. ಚುಕ್ಕೆ ಮೊಟ್ಟೆಯಾಗಿತ್ತು, ತುದಿಯಲ್ಲಿ ಗುಂಡಿಯ ಹಾಗೆ ಒಂದು ಪುಟ್ಟ ಗುರುತು. ಲೇಸ್‌ವಿಂಗ್ ಅನ್ನುವ ಹಸಿರು ಕೀಟದ ಮೊಟ್ಟೆಗಳಿವು. ದಂಟಿನ ಮೇಲಿದ್ದರೆ ಇರುವೆಗಳಿಗೆ ಸುಲಭಕ್ಕೆ ಸಿಗುವುದಿಲ್ಲ, ಮೊದಲು ಹುಟ್ಟಿದ ಮರಿ ಪಕ್ಕದ ಮೊಟ್ಟೆ ತಿನ್ನುವುದೂ ತಪ್ಪುತ್ತದೆ. ಚೀನಾ, ಕೊರಿಯಾ ಕಡೆ ಬುದ್ಧನ ವಿಗ್ರಹದ ಮೇಲೆ ಇವು ಕಂಡಾಗ 3000 ವರ್ಷಕ್ಕೊಮ್ಮೆ ಅರಳುವ ಉದುಂಬರ ಹೂವು ಅಂತ ಜನ ನೋಡಲು ಬಂದದ್ದುಂಟು. ಉದುಂಬರ ಅಂದರೆ ನಮ್ಮ ಅತ್ತಿ. ಅತ್ತಿಯ ಹೂವು ಹೊರಗೆ ಕಾಣುವುದೇ ಇಲ್ಲ, ಹಾಗಿರುವಾಗ ಇದು ಯಾಕಾಗಬಾರದು ಅನ್ನಿಸಿರಬೇಕು.

ಎರಡನೆಯದು ಆಸೆಯ ಕತೆ. ನಾರ್ವೆಯ ಯೋನ್ ಲಾರ್ಸೆನ್ ಎಂಬ ಹವ್ಯಾಸಿ ಊರುಗಳ ಛಾವಣಿಯ ದೂಳಿನಲ್ಲಿ ಆಕಾಶದಿಂದ ಬಿದ್ದ ಸೂಕ್ಷ್ಮ ಉಲ್ಕೆಗಳನ್ನು ಹುಡುಕಿದವರು. ವಿಜ್ಞಾನಿಗಳ ಜೊತೆ ಸೇರಿ ಅಂಥ 500 ಕಣಗಳ ಬಗ್ಗೆ 2017ರಲ್ಲಿ ಪ್ರಬಂಧ ಬಂತು. ನಾನೂ ಛಾವಣಿಯ ದೂಳಿಗೆ ಅಯಸ್ಕಾಂತ ಹಿಡಿದೆ. ಕನ್ನಡಿಯಂತೆ ಹೊಳೆಯುವ ಕಪ್ಪು ಗುಂಡುಗಳು, 0.2 ಮಿ.ಮೀ. ಎದೆ ಹೊಡೆದುಕೊಂಡಿತು. ಅನುಮಾನ ಬಂದು, ಆಂಗಲ್ ಗ್ರೈಂಡರಿನಲ್ಲಿ ಕಬ್ಬಿಣ ಉಜ್ಜಿ, ಕಿಡಿಗಳು ಬಿದ್ದ ಜಾಗದಲ್ಲಿ ಅದೇ ಅಯಸ್ಕಾಂತ ಆಡಿಸಿದೆ. ಎರಡೂ ಫೋಟೋ ಅಕ್ಕಪಕ್ಕ ಇಟ್ಟೆ. ಅದೇ ಹೊಳಪು, ಅದೇ ಗುಂಡು, ಕೆಲವು ಒಳಗೆ ಟೊಳ್ಳು. ನನ್ನ ಉಲ್ಕೆಗಳು ಯಾರದೋ ಗೇಟಿನ ಕೆಲಸದಿಂದ ಬಂದಿದ್ದವು.

ಎಣಿಕೆ ತಪ್ಪಿದ್ದು

ಏಳು ದಿನ ಆಯಿತು. ಕಪಾಟಿನ ಕೆಳಗಿನ ಕಾಗದದ ಮೇಲೆ ಒಂದು ಕಣವೂ ಬೀಳಲಿಲ್ಲ. ಹಳೆಯ ಗೂಡು, ಸತ್ತುಹೋಗಿದೆ ಅಂತ ನಿರಾಳವಾದೆ.

ಆದರೆ ಸ್ಟ್ಯಾಂಡಿನ ತಟ್ಟೆಯಲ್ಲಿ ಇನ್ನೊಂದು ಕಿರಿಕಿರಿ ನಡೆದಿತ್ತು. ಗಾಜಿನ ಮೇಲೆ ಮೂರು ಕಣ ಇಟ್ಟು ಮಲಗಿದ್ದೆ, ಬೆಳಗ್ಗೆ ಐದು. ಎಣಿಕೆ ತಪ್ಪಿರಬೇಕು ಅಂದುಕೊಂಡೆ. ಲೇಸ್‌ವಿಂಗ್ ತೆಗೆಯುವ ಮೊದಲು ಬ್ರಷ್‌ನಿಂದ ಎಲ್ಲವನ್ನೂ ಗುಡಿಸಿದ್ದೆ, ಕೆಳಗಿನ ಕಪ್ಪು ಕಾಗದದ ಮೇಲೆ ಆಮೇಲೂ ಒಂದೆರಡು ಕಂಡವು. ಹಳೆಯ ಮಾದರಿ ಚೆಲ್ಲಿದ್ದು ಅಂತ ನನ್ನನ್ನೇ ಬೈದುಕೊಂಡೆ. ಉಲ್ಕೆಯ ದಿನ ಕಾಗದವನ್ನೇ ಬದಲಿಸಿದೆ. ಮರುದಿನ ಹೊಸ ಕಾಗದದ ಮೇಲೆ ಒಂಬತ್ತು.

ಟಾರ್ಚ್ ಹಿಡಿದು ಹಲಗೆಯನ್ನು ಮೇಲಿಂದ ಕೆಳಕ್ಕೆ ನೋಡಿದೆ. ಓರೆಯಾಗಿ ಹಿಡಿದೆ, ಅಷ್ಟು ಕಲಿತಿದ್ದೆನಲ್ಲ. ಕ್ಯಾಮೆರಾಕ್ಕೂ ತಟ್ಟೆಗೂ ನಡುವೆ, ಚಾನೆಲ್ಲಿನ ಮೇಲಿನ ಸ್ಕ್ರೂ ಪಕ್ಕದಲ್ಲಿ, ಒಂದೂವರೆ ಮಿ.ಮೀ. ತೂತು. ಅಂಚಿನಲ್ಲಿ ಒಂದು ಕಣ ಇನ್ನೂ ಬೀಳದೆ ಸಿಕ್ಕಿಕೊಂಡಿತ್ತು.

ಗೂಡಿದ್ದ ಹಲಗೆಯನ್ನೇ ನಾನು ಕಪಾಟಿನಿಂದ ಬಿಚ್ಚಿ ತಂದಿದ್ದೆ. ಮಲಗಿಸಿದ್ದಾಗ ಗೊತ್ತಾಗಲಿಲ್ಲ, ನೆಟ್ಟಗೆ ನಿಲ್ಲಿಸಿದ ಮೇಲೆ ಹಿಕ್ಕೆ ನೇರವಾಗಿ ಲೆನ್ಸಿನ ಕೆಳಕ್ಕೆ ಬೀಳುತ್ತಿತ್ತು.

ಎಲ್ಲ ಬಿಚ್ಚಿ ಹಲಗೆಯನ್ನು ಉಳಿಯಿಂದ ಸೀಳಿದೆ. ಮೇಲ್ಮೈ ಒಂದು ಪದರ ಗಟ್ಟಿ, ಒಳಗೆ ನುಣ್ಣನೆಯ ಸುರಂಗಗಳು, ಅವುಗಳ ತುಂಬ ಕಣಗಳು. ಬಿಳಿ ಹುಳುಗಳ ನಡುವೆ ಒಂದರ ತಲೆ ಬೇರೆ ಇತ್ತು. ಸ್ಟ್ಯಾಂಡು ಇಲ್ಲದ್ದರಿಂದ ಕ್ಯಾಮೆರಾವನ್ನು ಪುಸ್ತಕಗಳ ಮೇಲಿಟ್ಟು ತೆಗೆದೆ. ಕಪ್ಪು, ಮೊಂಡು, ಮುಂದೆ ಕತ್ತರಿಸಿದ ಹಾಗಿರುವ ತಲೆ, ಬಾಟಲಿಯ ಬಿರಡೆಯಂತೆ. ಕ್ರಿಪ್ಟೋಟರ್ಮಿಸ್ ಗುಂಪಿನ ಸೈನಿಕ. ಇರುವೆ ನುಗ್ಗಿದರೆ ಈ ತಲೆಯಿಂದಲೇ ಸುರಂಗದ ಬಾಯಿ ಮುಚ್ಚಿ ನಿಲ್ಲುತ್ತದೆ.

ಹಲಗೆ ಸುಟ್ಟೆ. ಕಪಾಟಿನ ಉಳಿದ ಹಲಗೆಗಳನ್ನು ಒಂದೊಂದಾಗಿ ಬಡಿದು ನೋಡಿದೆ, ಟೊಳ್ಳು ಸದ್ದು ಎಲ್ಲೂ ಬರಲಿಲ್ಲ. ಬಿಳಿ ಕಾಗದ ಇನ್ನೂ ಅಲ್ಲೇ ಇದೆ. ಸ್ಟ್ಯಾಂಡಿಗೆ ಈಗ ದಪ್ಪ ಅಲ್ಯೂಮಿನಿಯಂ ಪಟ್ಟಿ, ಬುಡಕ್ಕೆ ಕಲ್ಲಿನ ತುಂಡು. ಎಲ್‌ಇಡಿ ಬೆಳಕಿನಲ್ಲೂ ಫೋಟೋ ಅಲುಗುತ್ತಿಲ್ಲ.